ಕಿಶೋರಿಯರ ಮಾಸಿಕ ನೋವು: ಗರ್ಭಾಶಯದ ಜನ್ಮಜಾತ ವಿಕೃತಿಗಳು

ಹದಿನಾಲ್ಕರ ಬಾಲಕಿ, ಶರೀರದ ಬೆಳವಣಿಗೆಯೆಲ್ಲ ಸಹಜ. ಪ್ರತಿ ತಿಂಗಳೂ ಮೂರು-ನಾಲ್ಕು ದಿನ ಕಿಬ್ಬೊಟ್ಟೆ ನೋಯುತ್ತದೆ, ಆದರೆ ಋತುಸ್ರಾವ ಮಾತ್ರ ಕಂಡಿಲ್ಲ. ಇಂಥ ಮಗುವನ್ನು ಕರೆತರುವ ಪಾಲಕರು ನಮ್ಮಿಂದ ಬಯಸುವುದು ಮುಟ್ಟು ಬರಿಸುವ ಕಷಾಯವನ್ನು. ಅದನ್ನು ನಾವು ಕೊಡುವುದಿಲ್ಲ. ಸ್ರಾವವು ಒಳಗೆ ಆಗುತ್ತಲೇ ಇದ್ದು ಹೊರಬರಲು ದಾರಿಯಿಲ್ಲದಿದ್ದರೆ ಕಷಾಯವೇನು ಮಾಡೀತು?

ಚರಕಸಂಹಿತೆಯು ಹೇಳುವ 20 ಯೋನಿವ್ಯಾಪತ್ತುಗಳಲ್ಲಿ ಸೂಚೀಮುಖಿ ಒಂದು. ಗರ್ಭದಲ್ಲಿರುವಾಗಲೇ ಯೋನಿದ್ವಾರವು ಅತಿ ಕಿರಿದಾಗುವ ವಿಕೃತಿಯದು. (ಅಲ್ಲಿ ಹೇಳಿರುವ ಮಾತೃದೋಷವನ್ನು ಹಿಡಿದು ಇಂದು ಯಾವ ತಾಯಿಯನ್ನೂ ಹಳಿಯಬಾರದು.) ಭ್ರೂಣದಲ್ಲಿ ಮುಲ್ಲರ್ ನಾಳಗಳೆಂಬ ಜೋಡಿ ನಾಳಗಳು ಕೂಡಿಕೊಂಡು ಗರ್ಭಾಶಯವಾಗುತ್ತವೆ. ಅವು ಬೆಳೆಯದಿದ್ದರೆ ಗರ್ಭಾಶಯವಿರದು, ಕೂಡದಿದ್ದರೆ ಎರಡಾದೀತು, ನಡುಗೋಡೆ ಕರಗದಿದ್ದರೆ ತಡೆ ಉಳಿದೀತು.

ಕನ್ಯಾಪೊರೆಯಲ್ಲಿ ರಂಧ್ರವಿಲ್ಲದಿರುವುದನ್ನು ತಜ್ಞರು ಹೊರಗಿನಿಂದ ನೋಡಿಯೇ ಗುರುತಿಸಬಲ್ಲರು. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಗುತ್ತದೆ. ಉಳಿದವುಗಳಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಮೂತ್ರಕೋಶ ತುಂಬಿರುವಾಗ ಹೊಟ್ಟೆಯ ಮೇಲಿನಿಂದಲೇ ಇದನ್ನು ಮಾಡುತ್ತಾರೆ. ಒಳಪರೀಕ್ಷೆಯ ಭಯ ಬೇಡ. ಮಡುಗಟ್ಟಿದ ರಕ್ತವು ಇದರಲ್ಲಿ ಕಾಣುತ್ತದೆ. ತಡೆ ಎಷ್ಟು ದಪ್ಪ, ಎಷ್ಟು ಮೇಲಿದೆ, ಗರ್ಭಾಶಯದ ಕೊರಳು ಇದೆಯೇ ಎಂಬ, ಶಸ್ತ್ರವೈದ್ಯರಿಗೆ ಬೇಕಾದ ವಿವರಗಳನ್ನು ಎಂ.ಆರ್.ಐ. ಸ್ಪಷ್ಟಪಡಿಸುತ್ತದೆ. ಎರಡರಲ್ಲಿಯೂ ಕ್ಷ-ಕಿರಣಗಳಿಲ್ಲ.

ಸುಮಾರು 5000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಗರ್ಭಾಶಯ ಬೆಳೆದಿರುವುದಿಲ್ಲ. ಆದರೆ ಚಿಕ್ಕ ಗರ್ಭಾಶಯವು ಅಲ್ಟ್ರಾಸೌಂಡಿನಲ್ಲಿ ಕಣ್ತಪ್ಪಬಹುದು. ಆದ್ದರಿಂದ ‘ಗರ್ಭಾಶಯ ಕಾಣಲಿಲ್ಲ’ ಎಂಬ ಒಂದು ಸಾಲಿನ ವರದಿಯನ್ನು ನೆಚ್ಚಿ, ಎಂ.ಆರ್.ಐ. ಹಾಗೂ ವರ್ಣತಂತು ಪರೀಕ್ಷೆಗೆ ಮುನ್ನ, ಆ ಮಗುವಿಗೆ ಕಠೋರವಾದ ಮಾತನ್ನು ಹೇಳಬಾರದು.

ಮುಟ್ಟು ಬರುತ್ತಿದೆಯೆಂದ ಮಾತ್ರಕ್ಕೆ ತಡೆಯಿಲ್ಲವೆಂದೂ ತಿಳಿಯಲಾಗದು. ಎರಡು ಗರ್ಭಾಶಯಗಳಿದ್ದು ಒಂದು ಬದಿಯ ದಾರಿ ಮಾತ್ರ ಮುಚ್ಚಿದ್ದರೆ ಇನ್ನೊಂದು ಬದಿಯಿಂದ ಸ್ರಾವವಾಗುತ್ತದೆ, ನೋವು ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತದೆ. ‘ಮದುವೆಯಾದರೆ ಸರಿಹೋದೀತು’ ಎಂದು ಮನೆಯವರು ಸುಮ್ಮನಿರುವುದುಂಟು. ರಜಸ್ಸೂತಕವನ್ನು ನಿರಾಕರಿಸಿದ ಶರಣರ ಪರಂಪರೆಯ ಮನೆಗಳಲ್ಲಿಯೂ ಈ ಮಾತು ಪಿಸುದನಿಯಲ್ಲೇ ನಡೆಯುವುದು ನಮಗೆ ಸೋಜಿಗ. ಈ ನಡುವೆ ತಡೆದ ರಕ್ತವು ಹಿಮ್ಮುಖವಾಗಿ ಹರಿದು ಗರ್ಭನಾಳಗಳನ್ನೂ ಅಂಡಾಶಯವನ್ನೂ ಕೆಡಿಸಬಹುದು.

ಈ ವಿಕೃತಿಯಲ್ಲಿ ಮುಚ್ಚಿದ ಬದಿಯ ಮೂತ್ರಪಿಂಡವು ಸಾಮಾನ್ಯವಾಗಿ ಇರುವುದಿಲ್ಲ. ಭ್ರೂಣದಲ್ಲಿ ಎರಡೂ ಅಕ್ಕಪಕ್ಕದಲ್ಲೇ ರೂಪುಗೊಳ್ಳುತ್ತವೆ. ಹುಟ್ಟಿನಿಂದ ಒಂದೇ ಮೂತ್ರಪಿಂಡವುಳ್ಳ ಬಾಲಕಿಯ ಗರ್ಭಾಶಯವನ್ನು ಮೈನೆರೆಯುವ ಹೊತ್ತಿಗೆ ಪರೀಕ್ಷಿಸಬೇಕು. ಗರ್ಭಾಶಯದ ವಿಕೃತಿ ಕಂಡವಳಿಗೆ ಮೂತ್ರಪಿಂಡಗಳನ್ನು ನೋಡಿಸಬೇಕು.

13 ತುಂಬಿದರೂ ಸ್ತನದ ಬೆಳವಣಿಗೆ ಕಾಣದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಸ್ತ್ರೀರೋಗತಜ್ಞರನ್ನು ಕಾಣಬೇಕು. ತಿಂಗಳಿಗೊಮ್ಮೆ ಮರುಕಳಿಸುವ ನೋವಿದ್ದು ಮುಟ್ಟು ಕಾಣದಿದ್ದರೆ ಆ ವಯಸ್ಸಿನವರೆಗೂ ಕಾಯತಕ್ಕದ್ದಲ್ಲ.