ಅಲ್ಪಬಲದ ಸರ್ವರಿನಲ್ಲಿ ಗೂಢಸಂಪರ್ಕ

ಬ್ರೌಸರಿಗೂ ಸರ್ವರಿಗೂ ನಡುವೆ ಸಾಗುವ ಮಾತು ದಾರಿಯಲ್ಲಿ ಪರರಿಗೆ ತಿಳಿಯಬಾರದೆಂದು ಏರ್ಪಟ್ಟ ಕ್ರಮಕ್ಕೆ ಟಿಎಲ್‌ಎಸ್ ಎಂದು ಹೆಸರು. ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಹೊರತಂದ ಎಸ್‌ಎಸ್‌ಎಲ್ ಎಂಬುದು ಇದರ ಪೂರ್ವರೂಪ. ಐಬಿಎಂ ಸಂಸ್ಥೆಯ ಎಎಸ್/400 ಎಂಬ ಮಧ್ಯಮವರ್ಗದ ಯಂತ್ರವು ಇದಕ್ಕೂ ಹಿಂದಿನದು, 1988ರದು. ಅದರ ಪರಂಪರೆಯು ಇಂದು ಐಬಿಎಂ ಐ ಎಂಬ ವ್ಯವಸ್ಥೆಯಲ್ಲಿ ನಡೆದುಬಂದಿದೆ. ವ್ಯಾಪಾರದ ಲೆಕ್ಕಪತ್ರಗಳನ್ನು ಹೊತ್ತ ಇಂತಹ ಯಂತ್ರವು ಚಿಕ್ಕದಾಗಿದ್ದರೆ ಗೂಢಸಂಪರ್ಕದ ಭಾರವನ್ನೂ ತಾಳಬಲ್ಲುದೇ ಎಂಬುದು ವಿಚಾರಣೀಯವು.

ತಾಳಲಾರದು, ಆದುದರಿಂದ ಹಳೆಯ ಕ್ರಮವೇ ಸಾಕೆಂಬುದು ಪೂರ್ವಪಕ್ಷ. ಇದಕ್ಕೆ ಉತ್ತರ ಹೇಳುವ ಮುನ್ನ ಭಾರವೆಲ್ಲಿದೆಯೆಂದು ನೋಡಬೇಕು. ಗೂಢಸಂಪರ್ಕಕ್ಕೆ ಪರಿಚಯ, ಸಂವಾದ ಎಂದು ಎರಡು ಅಂಗಗಳು. ಸರ್ವರು ತನ್ನ ಸರ್ಟಿಫಿಕೇಟನ್ನು ತೋರಿಸಿ ತಾನಾರೆಂದು ಸ್ಥಾಪಿಸುವುದೂ, ಇಬ್ಬರೂ ಒಂದೇ ಗುಟ್ಟಿನ ಕೀಲಿಕೈಯನ್ನು ಪಡೆಯುವುದೂ ಪರಿಚಯ. ಆ ಕೀಲಿಕೈಯಿಂದ ಮಾತನ್ನು ಮರೆಸುವುದು ಸಂವಾದ. 2048 ಬಿಟ್ಟುಗಳ ಆರ್‌ಎಸ್‌ಎ ಸಂಖ್ಯೆಯನ್ನು ದಶಮಾನದಲ್ಲಿ ಬರೆದರೆ 617 ಅಂಕಿಗಳಾಗುವುವು. ಅಂತಹ ಸಂಖ್ಯೆಗಳ ಗಣಿತವನ್ನು ಪ್ರತಿ ಹೊಸ ಪರಿಚಯದಲ್ಲಿಯೂ ಮಾಡಬೇಕಾದುದರಿಂದ ಶ್ರಮವು ಅಲ್ಲಿಯೇ ಅಧಿಕ. ಸಂವಾದಕ್ಕೆ ಬಳಸುವ ಎಇಎಸ್ ಕ್ರಮವಾದರೋ ಲಘುವಾದುದು.

ಹಳೆಯ ಕ್ರಮಗಳಲ್ಲಿಯೂ ಈ ಪರಿಚಯದ ಗಣಿತವು ತಪ್ಪಿದುದಲ್ಲ. ಆದುದರಿಂದ ಅವುಗಳಿಗೆ ಹಿಂದಿರುಗಿದರೆ ಭಾರ ಇಳಿಯದು, ರಕ್ಷಣೆಯು ಮಾತ್ರ ಹೋಗುವುದು. ಎಸ್‌ಎಸ್‌ಎಲ್ 3.0ರ ದೋಷವು 2014ರಲ್ಲಿ ಬಯಲಾಯಿತು. ಟಿಎಲ್‌ಎಸ್ 1.0 ಮತ್ತು 1.1 ಕ್ರಮಗಳನ್ನು 2021ರಲ್ಲಿ ವಿಧಿಪೂರ್ವಕವಾಗಿ ಕೈಬಿಡಲಾಯಿತು.

ಲಾಘವವನ್ನು ಪರಿಚಯದಲ್ಲಿಯೇ ಸಾಧಿಸಬೇಕು. ಅದಕ್ಕೆ ಮೂರು ಉಪಾಯಗಳುಂಟು. ಒಮ್ಮೆ ತೆರೆದ ಸಂಪರ್ಕವನ್ನು ಕೂಡಲೇ ಮುಚ್ಚದೆ ಪುಟದ ಅಕ್ಷರ, ಚಿತ್ರಗಳೆಲ್ಲವನ್ನೂ ಅದರಲ್ಲಿಯೇ ಕಳುಹಿಸುವುದು ಮೊದಲನೆಯದು. ಮರಳಿ ಬಂದವನೊಡನೆ ಹಿಂದಿನ ಪರಿಚಯವನ್ನೇ ಮುಂದುವರಿಸುವುದು ಎರಡನೆಯದು. ದೀರ್ಘವಕ್ರಗಳ ಗಣಿತವನ್ನು ಆಶ್ರಯಿಸಿದ 256 ಬಿಟ್ಟುಗಳ ಕೀಲಿಕೈಯನ್ನು ಬಳಸುವುದು ಮೂರನೆಯದು. ಇದರ ಬಲವು 3072 ಬಿಟ್ಟುಗಳ ಆರ್‌ಎಸ್‌ಎ ಕೀಲಿಕೈಗೆ ಸಮಾನವೆಂದು ಎಣಿಸಲ್ಪಟ್ಟಿದೆ. ಸರ್ವರಿಗೆ ಸಹಿಯ ಶ್ರಮವೋ ಬಹಳ ಕಡಿಮೆ. 2018ರ ಟಿಎಲ್‌ಎಸ್ 1.3ರಲ್ಲಿ ಪರಿಚಯದ ಹೋಗಿಬರುವಿಕೆಯು ಎರಡರಿಂದ ಒಂದಕ್ಕೆ ಇಳಿಯಿತು. ಐಬಿಎಂ ಐ 7.4ರಲ್ಲಿ ಈ ಕ್ರಮವು ಲಭ್ಯ.

ವ್ಯವಸ್ಥೆಯ ಕ್ರಮವು ಹೀಗೆ: ಡಿಜಿಟಲ್ ಸರ್ಟಿಫಿಕೇಟ್ ಮ್ಯಾನೇಜರ್ ಎಂಬ ಸಾಧನದಲ್ಲಿ ಸರ್ಟಿಫಿಕೇಟುಗಳ ಭಂಡಾರವನ್ನು ನಿರ್ಮಿಸಬೇಕು, ಕೀಲಿಕೈಯನ್ನು ಹುಟ್ಟಿಸಿ, ಪ್ರಮಾಣಾಧಿಕಾರಿಯಿಂದ ಸಹಿಯಾದ ಸರ್ಟಿಫಿಕೇಟನ್ನು ತರಿಸಿ ಅದರಲ್ಲಿರಿಸಬೇಕು, ಬಳಿಕ ಅದನ್ನು ವೆಬ್ ಸರ್ವರಿನ ಹೆಸರಿಗೆ ಹೊಂದಿಸಬೇಕು. ಯಾವ ಕ್ರಮಗಳಿಗೆ ಅನುಮತಿಯೆಂಬುದನ್ನು ಕ್ಯೂಎಸ್‌ಎಸ್‌ಎಲ್‌ಪಿಸಿಎಲ್ ಎಂಬ ವ್ಯವಸ್ಥಾಮೌಲ್ಯದಲ್ಲಿ ನಿಯಮಿಸಬಹುದು.

ಹೀಗಿರುವಲ್ಲಿ ಯಂತ್ರದ ಅಲ್ಪತ್ವವು ಪರಿಚಯಗಳ ಸಂಖ್ಯೆಯನ್ನು ತಗ್ಗಿಸುವುದಕ್ಕೆ ಕಾರಣವಾಗಬಹುದೇ ಹೊರತು ರಕ್ಷಣೆಯನ್ನು ತಗ್ಗಿಸುವುದಕ್ಕೆ ಕಾರಣವಾಗಲಾರದೆಂಬುದು ಸಿದ್ಧಾಂತ.