ಲೋಗೋ ಇಲ್ಲದ ಲಕ್ಷುರಿ: ಲೋರೊ ಪಿಯಾನ ಬಗ್ಗೆ ಮೆಚ್ಚಿದವರ ಮನಸ್ಸೇ ಬದಲಾಗಿದ್ದೇಕೆ?

ಒಂದು ಸ್ವೆಟರ್‌ಗೆ ಏಳೂವರೆ ಲಕ್ಷ ರೂಪಾಯಿ. ಎದೆಯ ಮೇಲೆ ಲೋಗೋ ಇಲ್ಲ, ಕಸೂತಿ ಇಲ್ಲ, ಹೊಳೆಯುವ ಗುಂಡಿಯೂ ಇಲ್ಲ. ಅದನ್ನು ತೊಟ್ಟು ಮುಂಬೈ ಲೋಕಲ್‌ನಲ್ಲಿ ನಿಂತರೆ ಪಕ್ಕದವರು ತಿರುಗಿಯೂ ನೋಡಲಿಕ್ಕಿಲ್ಲ. ಇಟಲಿಯ ಲೋರೊ ಪಿಯಾನ ಕಂಪನಿಯ ವ್ಯಾಪಾರ ನಿಂತಿರುವುದೇ ಇದರ ಮೇಲೆ. ನೋಡಿದವರಿಗೆ ಬೆಲೆ ಗೊತ್ತಾಗಬಾರದು, ಮುಟ್ಟಿದವರಿಗೆ ಮಾತ್ರ ಗೊತ್ತಾಗಬೇಕು.

2023ರಲ್ಲಿ 'ಕ್ವೈಟ್ ಲಕ್ಷುರಿ' ಎಂಬ ಮಾತು ಎಲ್ಲೆಡೆ ಓಡಾಡಿತು. ಎಚ್‌ಬಿಒ ಧಾರಾವಾಹಿ 'ಸಕ್ಸೆಷನ್'ನಲ್ಲಿ ಕೋಟ್ಯಧಿಪತಿ ಕುಟುಂಬದ ಮಗ ಧರಿಸಿದ ಲೋರೊ ಪಿಯಾನದ ಸಾದಾ ಕ್ಯಾಪ್ ಕೂಡ ಸುದ್ದಿಯಾಯಿತು. ಫ್ಯಾಷನ್ ಎಂದರೆ ಮೂಗು ಮುರಿಯುವವರೂ ಈ ಕಂಪನಿಯನ್ನು ಹೊಗಳಿದರು. ಕಾರಣ ಸರಳವಾಗಿತ್ತು: ಇಲ್ಲಿ ದುಡ್ಡು ಹೋಗುವುದು ಹೆಸರಿಗಲ್ಲ, ಬಟ್ಟೆಗೆ ಮತ್ತು ಕೈಕೆಲಸಕ್ಕೆ ಎಂಬ ನಂಬಿಕೆ. ಎರಡೇ ವರ್ಷಗಳಲ್ಲಿ ಆ ನಂಬಿಕೆಗೆ ಎರಡು ಪೆಟ್ಟು ಬಿದ್ದವು. ಮೊದಲನೆಯದು ಪೆರು ದೇಶದ ಗುಡ್ಡಗಳಿಂದ, ಎರಡನೆಯದು ಮಿಲಾನ್ ನ್ಯಾಯಾಲಯದಿಂದ.

ಯಾವುದು ಈ ಕಂಪನಿ?

1924ರಲ್ಲಿ ಪಿಯೆತ್ರೊ ಲೋರೊ ಪಿಯಾನ ಉತ್ತರ ಇಟಲಿಯ ಕ್ವರೋನಾ ಎಂಬ ಊರಿನಲ್ಲಿ ಆರಂಭಿಸಿದ ಉಣ್ಣೆ ಗಿರಣಿ ಇದು. 2013ರಲ್ಲಿ ಫ್ರಾನ್ಸ್‌ನ ಎಲ್‌ವಿಎಂಎಚ್ ಸಮೂಹ 200 ಕೋಟಿ ಯೂರೊ ಕೊಟ್ಟು ಇದರ ಶೇ 80ರಷ್ಟು ಪಾಲು ಖರೀದಿಸಿತು. ಕಂಪನಿಯ ಹೆಮ್ಮೆ ಇರುವುದು ಹೊಲಿಗೆಗಿಂತ ಹೆಚ್ಚಾಗಿ ನೂಲಿನಲ್ಲಿ, ಅದರಲ್ಲೂ ವಿಕುನ್ಯಾ ನೂಲಿನಲ್ಲಿ.

ರಾಜರು ಮಾತ್ರ ತೊಡುತ್ತಿದ್ದ ಉಣ್ಣೆ

ವಿಕುನ್ಯಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಕಾಡುಪ್ರಾಣಿ. ಒಂಟೆಯ ದೂರದ ಬಂಧು, ನೋಡಲು ಜಿಂಕೆಯಷ್ಟೇ ನಾಜೂಕು. ಇದರ ಕೂದಲಿನ ದಪ್ಪ ಸುಮಾರು 12ರಿಂದ 13 ಮೈಕ್ರಾನ್. ಮನುಷ್ಯನ ತಲೆಗೂದಲು ಅದರ ನಾಲ್ಕೈದು ಪಟ್ಟು ದಪ್ಪ. ಒಂದು ಪ್ರಾಣಿಯಿಂದ ಎರಡು ವರ್ಷಕ್ಕೊಮ್ಮೆ ಸಿಗುವ ಉಣ್ಣೆ ಕಾಲು ಕಿಲೋ ಕೂಡ ದಾಟುವುದಿಲ್ಲ. ಇಂಕಾ ಸಾಮ್ರಾಜ್ಯದಲ್ಲಿ ಈ ಬಟ್ಟೆ ರಾಜಮನೆತನಕ್ಕೆ ಮೀಸಲಾಗಿತ್ತು.

ಸ್ಪೇನ್ ದೇಶದವರು ಬಂದ ಮೇಲೆ ಬಂದೂಕಿನ ಬೇಟೆ ಶುರುವಾಯಿತು. 1960ರ ದಶಕದ ಹೊತ್ತಿಗೆ ಈ ಪ್ರಾಣಿ ಅಳಿವಿನ ಅಂಚಿಗೆ ಬಂದಿತ್ತು. ವ್ಯಾಪಾರ ನಿಷೇಧಿಸಿ, ಕಾವಲು ಹಾಕಿ, ಕೊನೆಗೆ ಉಣ್ಣೆಯ ಹಕ್ಕನ್ನು ಸ್ಥಳೀಯ ಸಮುದಾಯಗಳಿಗೇ ಕೊಟ್ಟ ಬಳಿಕ ಸಂತತಿ ಮತ್ತೆ ಲಕ್ಷಗಳ ಲೆಕ್ಕಕ್ಕೆ ಬಂತು. ಬದುಕಿರುವ ಪ್ರಾಣಿಯಿಂದ ದುಡ್ಡು ಬಂದರೆ ಯಾರೂ ಅದನ್ನು ಕೊಲ್ಲುವುದಿಲ್ಲ ಎಂಬ ಲೆಕ್ಕ ಇದು. 1994ರಲ್ಲಿ ಪೆರು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಖರೀದಿದಾರರ ಕೂಟದಲ್ಲಿ ಲೋರೊ ಪಿಯಾನ ಇತ್ತು. 2008ರಲ್ಲಿ 2,000 ಹೆಕ್ಟೇರ್‌ಗಳ ಖಾಸಗಿ ಸಂರಕ್ಷಣಾ ಪ್ರದೇಶವನ್ನೂ ಕಂಪನಿ ಮಾಡಿತು.

ಇದರ ಬೆಲೆ ತಿಳಿಯಲು ನಮ್ಮ ಶಹತೂಶ್ ಶಾಲನ್ನು ನೆನೆಯಬೇಕು. ಅದೂ ಇಷ್ಟೇ ನವಿರು. ಆದರೆ ಅದಕ್ಕಾಗಿ ಟಿಬೆಟ್‌ನ ಚಿರು ಪ್ರಾಣಿಯನ್ನು ಕೊಲ್ಲಲೇಬೇಕು. ಹಾಗಾಗಿ ಭಾರತದಲ್ಲಿ ಅದರ ಮಾರಾಟವೇ ಅಪರಾಧ. ವಿಕುನ್ಯಾದಲ್ಲಿ ಊರಿನವರೆಲ್ಲ ಸೇರಿ, ಹಗ್ಗ ಹಿಡಿದು ಮಾನವ ಸರಪಳಿ ಮಾಡಿ ಹಿಂಡನ್ನು ಅಟ್ಟಿಕೊಂಡು ಬಂದು, ಉಣ್ಣೆ ಕತ್ತರಿಸಿ, ಮತ್ತೆ ಬಯಲಿಗೆ ಬಿಡುತ್ತಾರೆ. ಈ ಸಾಮೂಹಿಕ ಕೆಲಸದ ಹೆಸರು 'ಚಾಕ್ಕು'. ಕಂಪನಿಯ ಕಥೆಯ ಈ ಭಾಗ ಸುಳ್ಳಲ್ಲ. ಇವತ್ತಿಗೂ ಅದನ್ನು ಮೆಚ್ಚಲೇಬೇಕು.

9,000 ಡಾಲರ್ ಎದುರು 280 ಡಾಲರ್

ಆದರೆ ಹಗ್ಗ ಹಿಡಿದವರ ಪಾಲು ಎಷ್ಟು? 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪೆರುವಿನ ಲುಕಾನಾಸ್ ಸಮುದಾಯಕ್ಕೆ ಹೋಗಿ ಈ ಪ್ರಶ್ನೆ ಕೇಳಿತು. ಸುಮಾರು 9,000 ಡಾಲರ್‌ಗೆ ಮಾರಾಟವಾಗುವ ಸ್ವೆಟರ್‌ಗೆ ಬೇಕಾದಷ್ಟು ಉಣ್ಣೆಗೆ ಆ ಸಮುದಾಯಕ್ಕೆ ಸಿಗುವುದು ಸುಮಾರು 280 ಡಾಲರ್, ಅಂದರೆ 23 ಸಾವಿರ ರೂಪಾಯಿಯ ಆಸುಪಾಸು, ಎಂದು ವರದಿ ಹೇಳಿತು. ಅಮೆರಿಕದ ಸಂಸದ ರಾಬರ್ಟ್ ಗಾರ್ಸಿಯಾ ಕಂಪನಿಗೆ ಪತ್ರ ಬರೆದು ವಿವರ ಕೇಳಿದರು.

ಕಚ್ಚಾವಸ್ತುವಿಗೂ ಅಂಗಡಿ ಬೆಲೆಗೂ ಅಂತರ ಇರುವುದು ಸಹಜ ಎನ್ನಬಹುದು. ಹತ್ತಿ ಬೆಳೆದ ರೈತನಿಗೆ ಶರ್ಟಿನ ಬೆಲೆ ಸಿಗುವುದಿಲ್ಲವಲ್ಲ! ಆದರೆ ಹತ್ತಿಗೆ ಮಾರುಕಟ್ಟೆ ದೊಡ್ಡದು. ಇಲ್ಲಿ ಉಣ್ಣೆ ಸಿಗುವುದೇ ಕೆಲವು ಕಡೆ, ಕೊಳ್ಳುವವರು ಬೆರಳೆಣಿಕೆಯಷ್ಟು, ನೂಲು ತೆಗೆಯುವ ಯಂತ್ರ ಇರುವುದು ಇಟಲಿಯಲ್ಲಿ. ಚೌಕಾಸಿ ಮಾಡಲು ಹಳ್ಳಿಯವರ ಬಳಿ ಉಳಿಯುವುದಾದರೂ ಏನು?

ಮಿಲಾನ್ ಕೋರ್ಟ್ ಹೇಳಿದ್ದೇನು?

ಎರಡನೇ ಪೆಟ್ಟು ಇನ್ನೂ ಜೋರಾಗಿತ್ತು. 2025ರ ಜುಲೈ 14ರಂದು ಮಿಲಾನ್ ನ್ಯಾಯಾಲಯ ಲೋರೊ ಪಿಯಾನವನ್ನು ಒಂದು ವರ್ಷದ ಮಟ್ಟಿಗೆ ನ್ಯಾಯಾಂಗದ ಮೇಲ್ವಿಚಾರಣೆಗೆ ಒಪ್ಪಿಸಿತು. ಕಂಪನಿ ಜಾಕೆಟ್ ಹೊಲಿಯುವ ಕೆಲಸವನ್ನು ಒಬ್ಬ ಗುತ್ತಿಗೆದಾರರಿಗೆ ಕೊಟ್ಟಿತ್ತು. ಅವರು ಇನ್ನೊಬ್ಬರಿಗೆ ಕೊಟ್ಟರು. ಕೊನೆಗೆ ಆ ಕೆಲಸ ಮಿಲಾನ್ ಹೊರವಲಯದ ಕಾರ್ಯಾಗಾರಗಳಿಗೆ ಬಂತು.

ಅಲ್ಲಿನ ಒಬ್ಬ ಕಾರ್ಮಿಕ ಸುಮಾರು 10,000 ಯೂರೊ ಬಾಕಿ ಸಂಬಳ ಕೇಳಿದ್ದಕ್ಕೆ ಮಾಲೀಕನಿಂದ ಏಟು ತಿಂದ. ಗಾಯ ವಾಸಿಯಾಗಲು 45 ದಿನ ಬೇಕಾಯಿತು. ಆತನ ದೂರಿನಿಂದಲೇ ತನಿಖೆ ಮುಂದುವರಿಯಿತು. ವಾರಕ್ಕೆ 90 ಗಂಟೆವರೆಗೆ ಕೆಲಸ, ಏಳೂ ದಿನ ದುಡಿಮೆ, ಗಂಟೆಗೆ 4 ಯೂರೊ, ಮಲಗುವುದು ಕಾರ್ಖಾನೆಯೊಳಗೇ ಎಂಬ ವಿವರಗಳು ಹೊರಬಂದವು. (2025ರ ಜನವರಿಯಲ್ಲಿ ಭಾರತದಲ್ಲೂ 90 ಗಂಟೆ ದುಡಿಮೆಯ ಚರ್ಚೆ ನಡೆದಿತ್ತು. ಅದು ಎಸಿ ಕಚೇರಿಯ ಮಾತಾಗಿತ್ತು.) 3,000 ಯೂರೊಗೂ ಹೆಚ್ಚು ಬೆಲೆಗೆ ಮಾರಾಟವಾಗುವ ಜಾಕೆಟ್‌ಗೆ ಮೊದಲ ಗುತ್ತಿಗೆದಾರರಿಗೆ ಸಿಕ್ಕಿದ್ದು 118 ಯೂರೊ, ಅದರ ಕೆಳಗಿನವರಿಗೆ 80ರ ಆಸುಪಾಸು.

ಕಂಪನಿಯ ವಾದವೂ ಇದೆ. ಇವನ್ನೆಲ್ಲ ಖಂಡಿಸುವುದಾಗಿ ಅದು ಹೇಳಿತು. ಒಳಗುತ್ತಿಗೆಯ ವಿಷಯವನ್ನು ಗುತ್ತಿಗೆದಾರರು ಮುಚ್ಚಿಟ್ಟಿದ್ದರು, ಮೇ 20ರಂದು ಗೊತ್ತಾದ ಬಳಿಕ 24 ಗಂಟೆಯೊಳಗೆ ಸಂಬಂಧ ಕಡಿದುಕೊಂಡಿದ್ದೇವೆ, 118 ಯೂರೊದಲ್ಲಿ ಬಟ್ಟೆಯ ಬೆಲೆ ಸೇರಿಲ್ಲ ಎಂದಿತು. ಕಂಪನಿಯ ಮೇಲೆ ಕ್ರಿಮಿನಲ್ ಆರೋಪವಿಲ್ಲ. ನ್ಯಾಯಾಲಯ ಹೇಳಿದ್ದು, ಪೂರೈಕೆದಾರರ ಮೇಲೆ ಕಣ್ಣಿಡಲು ಅದು ಸೋತಿದೆ ಎಂದಷ್ಟೇ. ಅರ್ಮಾನಿ, ಡಿಯೋರ್, ವ್ಯಾಲೆಂಟಿನೋ ಸಮೂಹಗಳ ಘಟಕಗಳ ಮೇಲೂ ಇದೇ ಕ್ರಮ ಆಗಿತ್ತು. ಅರ್ಮಾನಿ ಮತ್ತು ಡಿಯೋರ್ ವ್ಯವಸ್ಥೆ ಸರಿಪಡಿಸಿಕೊಂಡ ಬಳಿಕ ಅವಧಿಗೆ ಮುನ್ನವೇ ಆದೇಶ ತೆರವಾಯಿತು.

ಹಾಗಿದ್ದರೆ ಇವರ ಮೇಲೇ ಏಕೆ ಹೆಚ್ಚು ಬೇಸರ?

ದೊಡ್ಡ ಲೋಗೋದ ಬ್ಯಾಗ್ ಕೊಳ್ಳುವವರಿಗೆ ತಾವು ಹೆಸರಿಗೆ ದುಡ್ಡು ಕೊಡುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. ಮಿನಿಮಲಿಸ್ಟ್ ಬ್ರ್ಯಾಂಡ್ ಆಡುವ ಮಾತೇ ಬೇರೆ: ಆಡಂಬರ ತೆಗೆದಿದ್ದೇವೆ, ಉಳಿದಿರುವುದು ಉಣ್ಣೆ ಮತ್ತು ಕೈಚಳಕ, ಬೆಲೆ ಅದಕ್ಕೇ. ಉಣ್ಣೆ ಕೊಟ್ಟವರಿಗೂ ಹೊಲಿದವರಿಗೂ ಆ ಬೆಲೆಯ ಚೂರು ಮಾತ್ರ ಸಿಕ್ಕಿದೆ ಎಂದಾದರೆ, ಗ್ರಾಹಕ ಕೊಂಡಿದ್ದೂ ಹೆಸರನ್ನೇ. ಅದು ಬಟ್ಟೆಯ ಮೇಲೆ ಕಾಣುತ್ತಿರಲಿಲ್ಲ, ಅಷ್ಟೇ. ಸ್ವೆಟರ್ ಈಗಲೂ ಅಷ್ಟೇ ನವಿರು ಎಂಬುದು ಬೇರೆ ಮಾತು.

ಬೆಳಗಾವಿಯವರೆಗೂ ಬಂದ ಪ್ರಶ್ನೆ

2025ರ ಜೂನ್‌ನಲ್ಲಿ ಮಿಲಾನ್‌ನಲ್ಲೇ ನಡೆದ ಪ್ರಾಡಾ ಫ್ಯಾಷನ್ ಶೋನಲ್ಲಿ ಕೊಲ್ಹಾಪುರಿಯನ್ನು ಹೋಲುವ ಚಪ್ಪಲಿಗಳು ಭಾರತದ ಹೆಸರೇ ಇಲ್ಲದೆ ಕಾಣಿಸಿಕೊಂಡಿದ್ದು ನೆನಪಿರಬಹುದು. 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಇವೆ. ಟೀಕೆ ಬಂದ ಮೇಲೆ ಪ್ರಾಡಾ ಭಾರತದ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದಕ್ಕೂ ಬಂತು. 2,000 ಜೋಡಿ ಚಪ್ಪಲಿ ಇಲ್ಲಿ ತಯಾರಾಗಬೇಕು, ಒಂದು ಜೋಡಿಯ ಬೆಲೆ ಸುಮಾರು 800 ಯೂರೊ ಎಂದು ಪ್ರಕಟಿಸಲಾಯಿತು. ಅದರಲ್ಲಿ ಚರ್ಮ ಹದ ಮಾಡಿ ಹೊಲಿಯುವವರ ಕೈಗೆ ಎಷ್ಟು ಸೇರುತ್ತದೆ ಎಂದು ಈಗಲೇ ಕೇಳಿಡುವುದು ಒಳ್ಳೆಯದು.