ಮ್ಯೂಟ್ ಮಾಡಿಕೊಂಡು ನಕ್ಕ ಮೇಲೆ ಕಲಿತ ಸ್ಪ್ಯಾನಿಷ್

ಆಫೀಸಿನಲ್ಲಿ ನನ್ನನ್ನು ಮೆಕ್ಸಿಕೊ ತಂಡದ ಜೊತೆಗಿನ ಪ್ರಾಜೆಕ್ಟ್‌ಗೆ ಹಾಕಿದ್ದರು. ರಾತ್ರಿ ಎಂಟಕ್ಕೆ ಕಾಲ್. ನಮಗೆ ಊಟದ ಹೊತ್ತು, ಅವರಿಗೆ ಬೆಳಗ್ಗೆ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದರು. ಒಂದು ದಿನ ನಮ್ಮವರು ಮ್ಯೂಟ್ ಮಾಡಿಕೊಂಡು ನಕ್ಕರು. ನಾನೂ ನಕ್ಕೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದಾಗ ನನ್ನ ಇಂಗ್ಲಿಷ್ ಕೇಳಿ ನಕ್ಕವರೆಲ್ಲ ನೆನಪಾದರು. ಮಾರನೇ ದಿನವೇ ಫೋನಿನಲ್ಲಿ ಸ್ಪ್ಯಾನಿಷ್ ಪಾಠ ಶುರು ಮಾಡಿದೆ.

ಬಾಯಿಗೆ ಒಗ್ಗುವ ಭಾಷೆ

ಮೊದಲ ವಾರದಲ್ಲೇ ಆಶ್ಚರ್ಯ. ಇಂಗ್ಲಿಷ್‌ನಂತೆ ಸ್ಪೆಲ್ಲಿಂಗ್ ಕಾಟ ಇಲ್ಲ; ಹೆಚ್ಚುಕಮ್ಮಿ ಬರೆದಂತೆ ಓದಬಹುದು. ಸ್ವರ ಐದೇ: ಆ, ಎ, ಇ, ಒ, ಉ. ತ, ದ ಹೇಳುವಾಗ ನಾಲಿಗೆ ನಮ್ಮ ಹಾಗೇ ಹಲ್ಲಿಗೆ ತಾಗಬೇಕು. ‘ಎಚ್’ ಬರೀತಾರೆ, ಹೇಳಲ್ಲ; ಅದಕ್ಕೇ ನಮಸ್ಕಾರಕ್ಕೆ ‘ಓಲಾ’. ‘ಜೆ’ ಕಂಡರೆ ಗಂಟಲಿನಿಂದ ‘ಹ’. ‘ಬಿ’, ‘ವಿ’ ಎರಡಕ್ಕೂ ಒಂದೇ ಸದ್ದು. ‘ರ’ ಮಾತ್ರ ಹುಷಾರು: ‘ಪೆರೊ’ ಅಂದರೆ ಆದರೆ, ನಾಲಿಗೆ ಗುಡುಗಿಸಿ ‘ಪೆರ್ರೊ’ ಅಂದರೆ ನಾಯಿ!

ನಾನು, ನೀನು ಬೇಕಿಲ್ಲ

ಕ್ರಿಯಾಪದದಲ್ಲಂತೂ ಕನ್ನಡವೇ ಗೈಡು. ನಾವು ‘ಮಾತಾಡ್ತೀನಿ’ ಅಂದರೆ ಸಾಕು, ‘ನಾನು’ ಬೇಕಾಗಿಲ್ಲ. ಅಲ್ಲೂ ಹಾಗೇ. ‘ಅಬ್ಲಾರ್’ ಅಂದರೆ ಮಾತಾಡುವುದು. ಕೊನೆಯ ‘ಆರ್’ ಕಿತ್ತು ಬಾಲ ಬದಲಿಸಿದರಾಯಿತು: ಆಬ್ಲೊ (ಮಾತಾಡ್ತೀನಿ), ಆಬ್ಲಸ್ (ಮಾತಾಡ್ತೀಯ), ಆಬ್ಲ (ಮಾತಾಡ್ತಾನೆ, ಮಾತಾಡ್ತಾಳೆ), ಅಬ್ಲಾಮೊಸ್ (ಮಾತಾಡ್ತೀವಿ), ಆಬ್ಲನ್ (ಮಾತಾಡ್ತಾರೆ). ಅವನು–ಅವಳು ಎರಡಕ್ಕೂ ಒಂದೇ ರೂಪ, ನಮಗಿಂತ ಸುಲಭ! ಸ್ಪೇನ್‌ನಲ್ಲಿ ‘ನೀವೆಲ್ಲ’ ಅನ್ನೋಕೆ ಇನ್ನೊಂದು ರೂಪವಿದೆ; ಮೆಕ್ಸಿಕೊದಲ್ಲಿ ಈ ಐದೇ ಸಾಕು. ‘ಕೊಮೇರ್’ (ತಿನ್ನುವುದು) ಕೂಡ ಹೀಗೇ: ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೋಮೆನ್. ಹಿರಿಯರಿಗೆ ‘ತೂ’ ಬದಲು ‘ಉಸ್ತೇದ್’, ನಮ್ಮ ನೀನು–ನೀವು ಇದ್ದಹಾಗೆ. ಅದರ ಜೊತೆ ‘ಆಬ್ಲ’ ರೂಪವೇ ಬರುತ್ತೆ. ವಯಸ್ಸು ಹೇಳುವಾಗ ‘ಇಷ್ಟು ವರ್ಷ ಇವೆ’ ಅನ್ನೋ ಧಾಟಿ.

ನಾನು ಎಡವಿದ್ದು ‘ಇರು’ ಅನ್ನೋ ಕ್ರಿಯಾಪದದಲ್ಲಿ. ಅದಕ್ಕೆ ಎರಡು ರೂಪ. ಸ್ವಭಾವ, ಗುರುತು ಹೇಳೋಕೆ ‘ಸೋಯ್’. ಈಗಿನ ಸ್ಥಿತಿ, ಇರುವ ಜಾಗ ಹೇಳೋಕೆ ‘ಎಸ್ತೋಯ್’. ಒಂದು ರಾತ್ರಿ ಸರ್ವರ್ ಸರಿಹೋಗಲಿ ಅಂತ ಎಲ್ಲರೂ ಕಾಯುತ್ತಿದ್ದೆವು. ಆ ಹಿರಿಯರು ‘ಹೇಗಿದ್ದೀಯ?’ ಅಂತ ಸ್ಪ್ಯಾನಿಷ್‌ನಲ್ಲೇ ಕೇಳಿದರು. ‘ಬೋರ್ ಆಗ್ತಿದೆ’ ಅನ್ನೋಕೆ ಹೋಗಿ ‘ಸೋಯ್ ಅಬುರ್ರೀದೊ’ ಅಂದುಬಿಟ್ಟೆ. ಅಂದರೆ, ‘ನಾನೊಬ್ಬ ಬೋರು ಮನುಷ್ಯ’!

ಅವರು ಗಟ್ಟಿಯಾಗಿ ನಕ್ಕರು, ಮೈಕ್ ಆನ್ ಇಟ್ಟುಕೊಂಡೇ. ಆಮೇಲೆ ನಿಧಾನವಾಗಿ, ‘ಎಸ್ತೋಯ್, ಎಸ್ತೋಯ್’ ಅಂತ ಎರಡು ಸಲ ಹೇಳಿಕೊಟ್ಟರು. ನಾನೂ ನಕ್ಕೆ.

ಈಗ ಕಾಲ್‌ನ ಮೊದಲ ಐದು ನಿಮಿಷ ನಮ್ಮಿಬ್ಬರದು. ನನ್ನ ಕ್ರಿಯಾಪದ ಅವರು ತಿದ್ದುತ್ತಾರೆ, ಅವರ ಇಂಗ್ಲಿಷ್ ಮೇಲ್ ನಾನು ನೋಡಿಕೊಡುತ್ತೇನೆ. ನಮ್ಮ ಕಡೆ ಯಾರೂ ಮ್ಯೂಟ್ ಒತ್ತುವುದಿಲ್ಲ. ನೀವೂ ಕಲಿಯೋದಾದರೆ ದಿನಕ್ಕೊಂದೇ ಕ್ರಿಯಾಪದ ಸಾಕು, ಆದರೆ ಬಾಯಿಬಿಟ್ಟು ಹೇಳಿ. ತಪ್ಪಿದರೆ ತಿದ್ದುವವರು ಖಂಡಿತ ಸಿಗುತ್ತಾರೆ.